ಮಹಾರಾಜರ ಮೊಣಕಾಲು

ಬಹಳ ಹಿಂದೆ, ಹೂಮಳೆ ಬಿದ್ದು ಕಾಫಿ ಗಿಡಗಳೆಲ್ಲ ಬೆಳ್ಳಗೆ ಅರಳಿದ್ದ ಒಂದು ಬೆಳಿಗ್ಗೆ, ತಿಂಡಿ ಹೊತ್ತಿಗೆ ಮುಂಚೆ, ಅಚ್ಚುಕಟ್ಟುಪುರವೆಂಬ ರಾಜ್ಯದ ಮಹಾರಾಜ ನಿಷ್ಕಳಂಕ ಭೂಪತಿಗಳ ರೇಷ್ಮೆ ಪಂಚೆಗೆ ಉತ್ತರಾಣಿ ಕಳೆಯ ಮುಳ್ಳುಬೀಜ ಅಂಟಿಕೊಂಡಿತು.

ಪ್ರಭುಗಳು ಅಡ್ಡಾಡುತ್ತಿದ್ದ ಆ ಕಾಫಿ ತೋಟ ಮಂಚೇಗೌಡನದು. ಕಡಿದಾದ ಇಳಿಜಾರು. ಮಳೆಗಾಲದ ಮುಂಚೆ ಅವನು ಕಳೆಯನ್ನು ಬೇರು ಕೀಳದೆ ಕತ್ತಿಯಲ್ಲಿ ಸವರಿ ಬಿಡುತ್ತಿದ್ದ. ಬೇರಿದ್ದರೆ ಮಣ್ಣು ನಿಲ್ಲುತ್ತದೆ ಎಂಬುದು ಅಪ್ಪನ ಕಾಲದಿಂದ ಬಂದ ನಡೆ. ಸತ್ತ ಹಳೇ ಗಿಡಗಳ ಜಾಗದಲ್ಲಿ ಹೋದ ಮುಂಗಾರಿಗೆ ನೆಟ್ಟ ಮರಿಗಿಡಗಳೇ ಅವನ ಮುಂದಿನ ಬದುಕು.

"ಕಳೆ ಎಂದರೇನು?" ಎಂದು ಪ್ರಭುಗಳು ಗುಡುಗಿದರು. ಆಸ್ಥಾನ ಎರಡು ಹೊತ್ತು ಉಂಡು ಯೋಚಿಸಿತು. ಕೊನೆಗೆ ಮಂತ್ರಿ ತಥಾಸ್ತುರಾಯರು ಎದ್ದರು.

"ಪ್ರಭುಗಳ ಮೊಣಕಾಲಿಗಿಂತ ಗಿಡ್ಡಗಿರುವ ಹಸಿರೆಲ್ಲ ಕಳೆ. ಎತ್ತರದ್ದೆಲ್ಲ ಬೆಳೆ."

"ಆಹಾ, ಎಂಥ ವೈಜ್ಞಾನಿಕ ಮೊಣಕಾಲು!" ಎಂದಿತು ಆಸ್ಥಾನ.

‘ಕಳೆಮುಕ್ತ ಅಚ್ಚುಕಟ್ಟುಪುರ ಮಿಷನ್’ ಉದ್ಘಾಟನೆಯಾಯಿತು. ಕತ್ತಿಗಳು ಜಪ್ತಿಯಾದವು. ಕಳೆನಾಶಕದ ಪಂಪು ಬೆನ್ನಿಗೇರಿಸಿಕೊಂಡ ದಳ ಸಿದ್ಧವಾಯಿತು. ಮಂಚೇಗೌಡ ಮಂತ್ರಿಗಳ ಬಾಗಿಲಿಗೆ ಓಡಿದ.

"ಬುದ್ಧೀ, ನನ್ ಮರಿಗಿಡ ಇನ್ನೂ ಮೊಣಕಾಲಿಗೂ ಬಂದಿಲ್ಲ. ಔಷಧಿ ಬಿದ್ರೆ ಸುಟ್ಟೋಯ್ತವೆ."

"ಎರಡು ವಾರದ ಕಾಲಾವಕಾಶ ಮಂಜೂರು. ಬೆಳೆಯಲು ಹೇಳು, ಗೌಡ."

"ನಾನ್ ಹೇಳಿದ್ರೆ ಕೇಳ್ತವಾ ಬುದ್ಧಿ?"

"ಪ್ರಭುಗಳ ಹೆಸರಿನಲ್ಲಿ ಹೇಳು."

ಮನೆಗೆ ಬಂದು ಹೇಳಿದರೆ ಹೆಂಡತಿ ಸಾಕಮ್ಮ ಒಲೆ ಊದುವುದನ್ನೇ ಬಿಟ್ಟಳು. "ಆ ಅರಮನೇಲಿ ಬಗ್ಗಿ ನಿಂತೋರೆಲ್ಲ ಮೊಣಕಾಲಿಗಿಂತ ಗಿಡ್ಡ ಕಣ್ರೀ. ಮೊದ್ಲು ಅಲ್ಲಿಗೆ ಹೊಡೀಲಿ ಔಷಧಿಯ!"

ಗಡುವು ಮುಗಿಯಿತು. ಗಿಡಗಳು ರಾಜಾಜ್ಞೆಗೆ ಕಿವಿಗೊಡಲಿಲ್ಲ. ಗಂಡಹೆಂಡಿರು ಮನೆಯ ಬಕೆಟ್ಟು, ಕೊಡ, ಅನ್ನದ ತಪ್ಪಲೆಗಳನ್ನೆಲ್ಲ ತಂದು ಮರಿಗಿಡಗಳಿಗೆ ಬೋರಲು ಹಾಕಿದರು. ದಳದ ನಾಯಕ ಒಂದು ತಪ್ಪಲೆ ಎತ್ತಿ ನೋಡಿದ. "ಕಳೆಗೆ ಆಶ್ರಯ!" ಎಂದು ಕೂಗಿದ. ಒಂದೊಂದೇ ಎತ್ತಿದರು, ಒಂದೊಂದಕ್ಕೇ ಹೊಡೆದರು. ಪಾತ್ರೆಗಳು ಸಾಕ್ಷ್ಯವಾಗಿ ಅರಮನೆ ಸೇರಿದವು. ಪ್ರಭುಗಳಿಗೆ ಅಂಟಿದ್ದ ಉತ್ತರಾಣಿ ಮಾತ್ರ ಸೊಂಟದೆತ್ತರ ನಿಂತಿತ್ತು. ಕಾನೂನಿನಂತೆ ಅದು ಬೆಳೆ. ದಳ ಅದನ್ನು ಮುಟ್ಟದೆ ಸುತ್ತು ಹಾಕಿ ಮುಂದೆ ಹೋಯಿತು.

ಇಳಿಜಾರಿನ ನೆಲ ಬೋಳಾಯಿತು. ಪ್ರಭುಗಳು ಉಪ್ಪರಿಗೆಯಿಂದ ನೋಡಿ, "ಎಷ್ಟು ನೀಟಾಗಿದೆ!" ಎಂದರು.

ಮುಂಗಾರು ಹಿಡಿಯಿತು. ತಡೆಯುವ ಬೇರಿಲ್ಲದ ಮಣ್ಣು ಹೊಳೆಗಿಳಿಯಿತು. ಹೊಳೆ ಕೆಂಪಗೆ ಅರಮನೆ ಮುಂದೆ ಹರಿಯಿತು.

"ಪ್ರಭೂ, ಈ ಸಲದ ಇಳುವರಿ! ಹೊಳೆಯೇ ಕಾಫಿಯಾಗಿದೆ," ಎಂದರು ತಥಾಸ್ತುರಾಯರು.

ಪ್ರಭುಗಳಿಗೆ ‘ಕಳೆಮರ್ದನ’ ಬಿರುದು ಬಂತು, ಮೊಣಕಾಲಿಗೆ ಚಿನ್ನದ ಕವಚವೂ ಬಂತು. ಕವಚದ ಖರ್ಚಿಗೆ ಹೊಸ ದಂಡ: ಯಾರ ಮಣ್ಣು ಅನುಮತಿಯಿಲ್ಲದೆ ರಾಜ್ಯ ಬಿಟ್ಟಿತೋ, ಅವರೇ ಕಟ್ಟಬೇಕು. ಮಂಚೇಗೌಡನಲ್ಲಿ ಕಟ್ಟಲು ಉಳಿದಿದ್ದು ತೋಟವೊಂದೇ. ಅದನ್ನೇ ಬರೆದುಕೊಟ್ಟ.

ಮಣ್ಣು ಹೋದದ್ದು ಮಂಗಳವಾರ. ಮಂಚೇಗೌಡನೂ ಸಾಕಮ್ಮನೂ ಅದೇ ಹೊಳೆಯ ದಂಡೆ ಹಿಡಿದು ಊರು ಬಿಟ್ಟದ್ದು ಶುಕ್ರವಾರ. ಅವನ ಪಂಚೆಯ ಅಂಚಿಗೆ ಉತ್ತರಾಣಿ ಅಂಟಿತ್ತು.