ನಗುವ ಮುಖ ಒತ್ತುವ ಧೈರ್ಯ

ನಾನು ಸುಳ್ಳು ಹೇಳುವ ಹೆಂಗಸಲ್ಲ. ದಿನಾ ಮುಂಜಾನೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸದೆ ಒಂದು ಗುಟುಕು ಚಹಾ ಕುಡಿದವಳಲ್ಲ. ಬಾಜೂ ಮನೆಯವಳು ಹೊಸ ಸೀರೆ ಹೇಗಿದೆ ಎಂದು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಅವಳು ಎಂಟು ದಿನ ಮಾತು ಬಿಟ್ಟದ್ದೂ ಉಂಟು. ಆದರೆ ಒಂದು ವಿಷಯದಲ್ಲಿ ಮಾತ್ರ ನಾನು ಖರೆ ಹೇಳಿದ ನೆನಪಿಲ್ಲ. ಯಾರಾದರೂ "ಮಕ್ಕಳು ಹ್ಯಾಂಗದಾವ್ರಿ?" ಎಂದರೆ ಸಾಕು, "ಅದಾವ್ರಿ, ಏನ ಹೇಳೂದು, ಒಂದೀಟು ಸೊರಗ್ಯಾವು" ಎಂದುಬಿಡುತ್ತೇನೆ. ಅದನ್ನು ನಾನು ಸುಳ್ಳು ಎಂದು ತಿಳಿದೇ ಇರಲಿಲ್ಲ, ಕಾವಲು ಎಂದು ತಿಳಿದಿದ್ದೆ. ಚೆನ್ನಾಗಿದ್ದಾವೆ ಎಂದು ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆ. ನನ್ನ ತವರು ಗುಡೂರಿನಲ್ಲಿ ಇದನ್ನು ಯಾರೂ ಕಲಿಸುವುದಿಲ್ಲ, ತಾನಾಗಿ ಬರುತ್ತದೆ. ನಮ್ಮವ್ವ ಈ ವಿದ್ಯೆಯಲ್ಲಿ ನನಗಿಂತ ಬಹಳ ಮುಂದೆ ಹೋಗಿದ್ದಳು. ಎಮ್ಮೆ ಎಷ್ಟು ಹಿಂಡುತ್ತದೆ ಎಂದು ಯಾರಾದರೂ ಕೇಳಿದರೆ, "ಚಹಾಕ್ಕ ಸಾಲತೈತಿ ನೋಡವಾ" ಎನ್ನುತ್ತಿದ್ದಳು. ಹಾಗೆನ್ನುವಾಗ ಮೊಣಕೈವರೆಗೆ ಬೆಣ್ಣೆ ಮೆತ್ತಿರುತ್ತಿತ್ತು.

ಈ ಕಾವಲು ನನ್ನನ್ನು ಬಾಗಲಕೋಟೆಯ ದವಾಖಾನೆಯಲ್ಲಿ ತಲೆ ತಗ್ಗಿಸಿ ನಿಲ್ಲಿಸುತ್ತದೆ ಎಂದು ಯಾರು ಅಂದುಕೊಂಡಿದ್ದರು? ನನ್ನ ಮೊಮ್ಮಗಳು ಸಾನ್ವಿಗೆ ನಾಲ್ಕು ವರ್ಷ. ಹೋದ ಚಳಿಗಾಲದಿಂದ ಅವಳಿಗೆ ಉಬ್ಬಸ. ನಮ್ಮ ಇಳಕಲ್ಲಿನಲ್ಲಿ ಕಲ್ಲು ಕೊಯ್ಯುವ ಧೂಳಿಗೆ ಬರವಿಲ್ಲವಲ್ಲ. ಬಾಗಲಕೋಟೆಯ ಮಕ್ಕಳ ಡಾಕ್ಟರಬಾಯಿ ದಿನಕ್ಕೆ ಎರಡು ಸಲ ಉಸಿರಿನೊಡನೆ ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು. ಜೊತೆಗೆ ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಸಿದರು. ವಾರವಾರವೂ ಕೂಸನ್ನು ಬಸ್ಸಿನಲ್ಲಿ ಹೊತ್ತು ತರುವುದು ಬೇಡ, ರಾತ್ರಿ ಹೇಗೆ ಉಸಿರಾಡಿತೆಂದು ಮುಂಜಾನೆ ಮೊಬೈಲಿನಲ್ಲಿ ತಿಳಿಸಿದರೆ ಸಾಕು, ಅವರು ಕೂತಲ್ಲೇ ನೋಡಿಕೊಳ್ಳುತ್ತಾರೆ. ಸೊಸೆ ವಿದ್ಯಾ ಹುನಗುಂದದ ಶಾಲೆಯಲ್ಲಿ ಶಿಕ್ಷಕಿ, ಬೆಳಗಿನ ಬಸ್ಸಿಗೆ ಓಡುವವಳು. ಕೂಸು ಮಲಗುವುದು ನನ್ನ ಮಗ್ಗುಲಲ್ಲಿ. ಹಾಗಾಗಿ ಕೆಲಸ ನನ್ನ ಪಾಲಿಗೆ ಬಂತು.

"ಅತ್ತಿ, ಭಾಳ ಸರಳ ಐತಿ," ಎಂದು ವಿದ್ಯಾ ತನ್ನ ಹಳೆಯ ಮೊಬೈಲನ್ನು ನನ್ನ ಕೈಗಿಟ್ಟಳು. "ಮೂರ ಮುಖಾ ಇರ್ತಾವು. ಕೆಮ್ಮಲಿಲ್ಲಂದ್ರ ನಗೂದು, ಒಂದೆರಡ ಸಲ ಕೆಮ್ಮಿದ್ರ ಸುಮ್ಮನಿರೂದು, ನಿದ್ದಿಗೆಟ್ಟಳಂದ್ರ ಅಳೂದು. ಒಂದ ಒತ್ತಿದ್ರ ಮುಗೀತು."

ಮೊದಲ ದಿನ ನಗುವ ಮುಖವನ್ನೇ ಒತ್ತಿದೆ. ಅದೇ ಸಂಜೆ ಬಾಜೂ ಮನೆಯವಳು ಮೆಣಸಿನಕಾಯಿ ಹುರಿದಳು, ಕೂಸು ಕೆಮ್ಮಿ ಕೆಮ್ಮಿ ಕೆಂಪಾಯಿತು. ಬೇರೆಯವರಾದರೆ ಮೆಣಸಿನಕಾಯಿಯನ್ನು ಬೈಯುತ್ತಿದ್ದರು. ನಾನು ನನ್ನ ಬೆರಳನ್ನು ಬೈದೆ. ಬಾಜೂ ಮನೆಯವಳ ಕಣ್ಣಾದರೆ ಒಂದು ಜೊತೆ, ಈ ಮೊಬೈಲಿನ ಆಚೆ ಎಷ್ಟು ಜೊತೆ ಕಣ್ಣುಗಳಿವೆಯೋ ಶಿವನೇ ಬಲ್ಲ. ಮರುದಿನ ಸುಮ್ಮನಿರುವ ಮುಖ ಒತ್ತಿದೆ. ಎರಡು ದಿನ ಕಳೆದ ಮೇಲೆ ಅದೂ ಸ್ವಲ್ಪ ಜಂಬದ್ದೇ ಅನ್ನಿಸಿತು. ಆಮೇಲೆ ಅಳುವ ಮುಖಕ್ಕೇ ಗಟ್ಟಿಯಾಗಿ ಅಂಟಿಕೊಂಡೆ.

ಸಾನ್ವಿ ತೊಡೆಯ ಮೇಲೆ ಕೂತು, "ಆಯಿ, ನಗೂದು ಒತ್ತು, ನಗೂದು ಚಂದ ಐತಿ," ಎನ್ನುತ್ತಿದ್ದಳು.

"ಸುಮ್ಮ ಕುಂದ್ರು. ಚಂದ ಇದ್ದದ್ದ ಮುಚ್ಚಿ ಇಡಬೇಕು," ಎಂದು ಅವಳ ಕೈ ಹಿಡಿದು ಅಳುವುದನ್ನು ಒತ್ತುತ್ತಿದ್ದೆ. ಕೂಸು ಮಾತ್ರ ದೇವರ ದಯದಿಂದ ಗುಂಡಗಿತ್ತು. ಮಲಗಿದಾಗ ಎದೆಯ ಮೇಲೆ ಕೈಯಿಟ್ಟು ಎಣಿಸುತ್ತಿದ್ದೆ: ಇವತ್ತು ಸೀಟಿಯ ಸದ್ದಿಲ್ಲ, ಅದೊಂದು ದಯೆ. ಇಡೀ ರೊಟ್ಟಿ ತಿಂದಳು, ಅದೊಂದು ದಯೆ. ಮೆಟ್ಟಿಲು ಹತ್ತಿದರೂ ಏದುಸಿರಿಲ್ಲ, ಅದೊಂದು, ಎಂದು ಕೈ ಮುಗಿಯುತ್ತಿದ್ದೆ. ಶಿವನ ಮುಂದೆ ಖರೆ, ಡಾಕ್ಟರ ಮುಂದೆ ಅಳುವ ಮುಖ. ಇಬ್ಬರೂ ಒಬ್ಬರನ್ನೊಬ್ಬರು ಕೇಳಿಕೊಳ್ಳುವುದಿಲ್ಲವಲ್ಲ ಎಂಬ ಧೈರ್ಯ.

ತಿಂಗಳ ಕೊನೆಗೆ ಡಾಕ್ಟರಬಾಯಿ ಕರೆಸಿದರು. ವಿದ್ಯಾಳಿಗೆ ರಜೆ ಸಿಗದೆ ನಾನೇ ಕೂಸನ್ನು ಕರೆದುಕೊಂಡು ಹೋದೆ. ಬಾಯಾರು ಎದೆಗೆ, ಬೆನ್ನಿಗೆ ಕೊಳವೆಯಿಟ್ಟು ಕೇಳಿದರು, ಮತ್ತೆ ಕೇಳಿದರು. ಆಮೇಲೆ ತಮ್ಮ ಫೋನನ್ನು ನನ್ನ ಕಡೆ ತಿರುಗಿಸಿದರು. ಸಾಲು ಸಾಲು ಮುಖಗಳು, ಮೊದಲಿನ ಮೂರ್ನಾಲ್ಕು ಬಿಟ್ಟು ಎಲ್ಲವೂ ಸೂತಕದ ಮನೆಯಲ್ಲಿ ಕೂತಂತೆ ಅಳುತ್ತಿದ್ದವು.

"ಅಮ್ಮಾರ, ಇಲ್ಲಿ ಎದಿ ಸ್ವಚ್ಛ ಐತಿ. ಆದ್ರ ದಿನಾ ರಾತ್ರಿ ನಿದ್ದಿಗೆಡ್ತಾಳಂದ್ರ ಈಗಿನ ಔಷಧ ಸಾಲವಲ್ದು. ಪಂಪು ಎರಡರಷ್ಟು ಮಾಡ್ತೇನಿ. ಗುಳಿಗಿ ಒಂದ ಸೇರಸ್ತೇನಿ. ರಕ್ತಾನೂ ತಗಸೂಣು," ಎಂದು ಪೆನ್ನು ತೆಗೆದರು.

ರಕ್ತ ಎಂದದ್ದೇ ಸಾನ್ವಿ ನನ್ನ ಸೆರಗಿನೊಳಗೆ ಹೊಕ್ಕಳು. ಒಂದು ದಿನವೂ ನಿದ್ದೆಗೆಡದ ಕೂಸಿಗೆ ಎರಡರಷ್ಟು ಔಷಧ, ಸೂಜಿ, ಎಲ್ಲ ನನ್ನ ಬೆರಳಿನ ಪ್ರತಾಪದಿಂದ. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಪಾಪ ತಟ್ಟುತ್ತದೆ. ಮಾನ ಹೋದರೆ ಹೋಗಲಿ ಎಂದು ಅವರ ಪೆನ್ನನ್ನೇ ಹಿಡಿದುಬಿಟ್ಟೆ.

"ಬರೀಬ್ಯಾಡ್ರಿ ಬಾಯಾರ. ಆಕಿ ಚಲೋ ಅದಾಳ. ನಾನ ಸುಳ್ಳ ಒತ್ತೇನಿ."

"ಸುಳ್ಳ ಯಾಕ ಒತ್ತಿದ್ರಿ?"

"ಚಲೋ ಅದಾಳಂತ ಹ್ಯಾಂಗ ಹೇಳೂದ್ರಿ? ದೃಷ್ಟಿ ಆಗತೈತಿ."

ಬಾಯಾರು ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. "ನಂದೂ ಇದ ಸೀಮಿ ರೀ, ಕೆರೂರ," ಎಂದರು. "ನಾ ಡಾಕ್ಟರ ಆದಾಗ ನಮ್ಮ ಆಯಿ ಓಣಿ ಮಂದಿಗೆ, ಏನೋ ದವಾಖಾನ್ಯಾಗ ಕೆಲಸಾ ಮಾಡ್ತಾಳ ಅಂತ ಹೇಳಿದ್ಲು. ಒಂದ ವರ್ಷ ಅವರೆಲ್ಲಾ ನಾ ಕಸಾ ಹೊಡಿತೇನಿ ಅಂತ ತಿಳಕೊಂಡಿದ್ರು."

ನಾನು ನಗಬೇಕೆನ್ನುವಷ್ಟರಲ್ಲಿ ಅವರ ಮುಖ ಬಿಗಿಯಾಯಿತು. "ದೃಷ್ಟಿ ತಗಿಯಾಕ ನಿಮಗ ಉಪ್ಪು ಐತಿ, ಕಸಬರಿಗಿ ಐತಿ. ಇಲ್ಲಿ ಕುಂತ ನನಗ ನಿಮ್ಮ ಕೂಸು ಕಾಣೂದು ಈ ಮುಖದಾಗ ಒಂದ. ಅದೂ ಸುಳ್ಳಾದ್ರ, ನಾ ಕಣ್ಣಿಗೆ ಅರಿವಿ ಕಟ್ಟಿಕೊಂಡು ಔಷಧ ಬರದಂಗ."

ಸೂಜಿ ತಪ್ಪಿತು. ಬಸ್ಸು ಹುನಗುಂದ ದಾಟುವಷ್ಟರಲ್ಲಿ ನಾನು ನಿರ್ಧಾರ ಮಾಡಿದ್ದೆ: ಇನ್ನು ಇದ್ದದ್ದನ್ನೇ ಒತ್ತುವುದು. ಮನೆಗೆ ಬಂದು ವಿದ್ಯಾಳ ಮುಂದೆಯೂ ಒಪ್ಪಿಕೊಂಡೆ. ಅವಳು ಸಿಟ್ಟಾಗಲಿಲ್ಲ, ಕಣ್ಣು ಒರೆಸಿಕೊಂಡಳು. "ಮಧ್ಯಾಹ್ನ ಫೋನ್ ಮಾಡಿದಾಗೂ ಹಂಗ ಅಂತೀರಿ ಅತ್ತಿ, ಏನೋ ಅದಾಳವಾ ಅಂತ. ಬುತ್ತಿ ಗಂಟಲದಾಗ ಇಳಿಯೂದಿಲ್ಲ ನನಗ." ತಾಯಿಯ ಹೊಟ್ಟೆಗೂ ನನ್ನ ಕಾವಲು ಅಡ್ಡ ನಿಂತಿದ್ದು ಅಂದೇ ತಿಳಿದದ್ದು.

ಮರುದಿನ ಪೂಜೆ ಮುಗಿಸಿ, ಮೊಬೈಲು ಹಿಡಿದು ಗೋಡೆಗೆ ಮುಖ ಮಾಡಿ ಕೂತೆ. ಶಿವಾ ಎಂದು ನಗುವ ಮುಖ ಒತ್ತಿದೆ. ಏನೂ ಆಗಲಿಲ್ಲ. ಮರುದಿನವೂ ಒತ್ತಿದೆ. ಒತ್ತಿದ ಮೇಲೆ ದಿನಾ ಹಿಡಿ ಉಪ್ಪು ನಿವಾಳಿಸುತ್ತಿದ್ದೆ ಎಂಬುದು ಖರೆ, ಆದರೆ ಬಾಯಾರು ಅದನ್ನು ಬೇಡ ಎಂದಿರಲಿಲ್ಲ. ನಡುವೆ ಎರಡು ರಾತ್ರಿ ಕೆಮ್ಮಿದಾಗ ಸುಮ್ಮನಿರುವ ಮುಖವನ್ನೇ ಒತ್ತಿದೆ, ಅಳುವುದರ ಹತ್ತಿರವೂ ಬೆರಳು ಒಯ್ಯಲಿಲ್ಲ. ಮುಂದಿನ ಭೇಟಿಯಲ್ಲಿ ಅವರು ಪಂಪನ್ನು ದಿನಕ್ಕೆ ಒಂದೇ ಸಲಕ್ಕೆ ಇಳಿಸಿದರು.

ಮೊನ್ನೆ ಡಾಕ್ಟರಬಾಯಿಯದೇ ಫೋನ್ ಬಂತು. "ಅಮ್ಮಾರ, ನಿಮ್ಮ ಸಾನ್ವಿ ಮುಖಗಳ ಸಾಲ ಬ್ಯಾರೆ ತಾಯಂದ್ರಿಗೆ ತೋರಸ್ಲೇನ್ರಿ? ಉಬ್ಬಸ ಅಂದ್ರ ಭಾಳ ಅಂಜ್ಯಾರ, ನೋಡಿದ್ರ ಅವರಿಗೂ ಧೈರ್ಯ ಬರತೈತಿ. ಕೂಸಿನ ಹೆಸರ ಮ್ಯಾಲ ಕರೀ ಪಟ್ಟಿ ಎಳೀತೇನಿ, ಯಾರಿಗೂ ಕಾಣಂಗಿಲ್ಲ."

ಸಾಲಾಗಿ ಅಷ್ಟೊಂದು ನಗುವ ಮುಖ, ಅದರ ಮೇಲೆ ಊರೂರಿನ ತಾಯಂದಿರ ಕಣ್ಣು. ನನ್ನ ಎದೆಯೇ ಸೀಟಿ ಹೊಡೆಯಿತು. ಆದರೆ ಅವರ ಕೂಸುಗಳೂ ನಮ್ಮ ಕೂಸಿನ ಹಾಗೆಯೇ ಏದುಸಿರು ಬಿಡುತ್ತಿರುತ್ತವೆ, ಬೇಡ ಎನ್ನಲು ಮನಸ್ಸು ಬರಲಿಲ್ಲ.

"ತೋರಸ್ರಿ ಬಾಯಾರ," ಎಂದೆ, ಗಟ್ಟಿಯಾಗಿಯೇ. ಅವರು ಫೋನ್ ಇಡುವವರಿದ್ದರು, ನನಗೇ ತಡೆಯಲಾಗಲಿಲ್ಲ.

"ಆ ಕರೀ ಪಟ್ಟಿ ಒಂದೀಟು ದಪ್ಪಗ ಎಳೀರಿ."