ಅಂಚೆಯಣ್ಣನ ಜ್ವಾಲಾಮುಖಿ

ಅಂಚೆಯಣ್ಣ ಆಗ ಕೆಮ್ಮಬಾರದಿತ್ತು. ಕೆಮ್ಮಿದ್ದೂ ಕಾಯಿಲೆಯಿಂದಲ್ಲ. ಫ್ಲಾಸ್ಕಿನ ಚಹಾ ಅಷ್ಟು ಬಿಸಿಯಿದೆಯೆಂದು ತಿಳಿಯದೆ ಒಂದು ಗುಟುಕು ಜಾಸ್ತಿ ಎಳೆದುಬಿಟ್ಟಿದ್ದ, ಅದು ಗಂಟಲಲ್ಲಿ ಅಡ್ಡದಾರಿ ಹಿಡಿದಿತ್ತು, ಅಷ್ಟೆ. ಆದರೆ ಕೆಮ್ಮಿಗೂ ಒಂದು ಹೊತ್ತುಗೊತ್ತು ಬೇಡವೆ? ಬೆಳಗಿನ ಜಾವ ಮೂರೂವರೆ. ಜ್ವಾಲಾಮುಖಿಯ ಬುಡದಲ್ಲಿ ಒಂದು ತಗಡಿನ ಶೆಡ್ಡು. ಪ್ರವಾಸ ಬಂದ ಅಂಚೆ ಕಚೇರಿಯ ಹತ್ತು ಜನ ಹಣೆಗೆ ಟಾರ್ಚು ಕಟ್ಟಿಕೊಂಡು ಸಾಲಾಗಿ ನಿಂತಿದ್ದಾರೆ. ಸೂರ್ಯೋದಯ ತೋರಿಸಲು ಬೆಟ್ಟ ಹತ್ತಿಸುವ ಗೈಡಮ್ಮ ಆಗಷ್ಟೇ ಕೇಳಿದ್ದಾಳೆ:

"ನಿಮ್ಮಲ್ಲಿ ಎಲ್ಲರಿಗಿಂತ ನಿಧಾನ ಯಾರು?"

ಹತ್ತು ಟಾರ್ಚುಗಳಲ್ಲಿ ಒಂಬತ್ತು ತಂತಾವೇ ಪೋಸ್ಟ್‌ಮಾಸ್ಟರ ಕಡೆ ತಿರುಗಿದವು. ಅವರು ಶೆಡ್ಡಿನ ಮೂರು ಮೆಟ್ಟಿಲು ಹತ್ತಿದ್ದಕ್ಕೇ ಕಂಬ ಹಿಡಿದು ಏದುಸಿರು ಬಿಡುತ್ತಿದ್ದರು. ತಿರುಗಿದ ಟಾರ್ಚುಗಳು ತಪ್ಪು ಬಾಗಿಲು ತಟ್ಟಿದವರ ಹಾಗೆ ಗಡಿಬಿಡಿಯಿಂದ ನೆಲ ನೋಡಿದವು. ಆ ಹೊತ್ತಿಗೆ ಸರಿಯಾಗಿ ಅಂಚೆಯಣ್ಣ ಕೆಮ್ಮಿದ.

"ಹಾ, ನಮ್ಮ ಅಂಚೆಯಣ್ಣ!" ಎಂದ ರೇಡಿಯೋ. "ಪಾಪ, ವಯಸ್ಸಾಯ್ತಲ್ಲ. ಕೇಳಿದ್ರಾ ಕೆಮ್ಮು? ಎದೆಯಿಂದ ಬರ್ತಿದೆ."

ಉಳಿದ ಒಂಬತ್ತು ಟಾರ್ಚುಗಳಿಗೂ ಹೋದ ಜೀವ ಬಂದಂತಾಯಿತು. ಎಲ್ಲವೂ ಅಂಚೆಯಣ್ಣನ ಮುಖದ ಮೇಲೆ ಬಿದ್ದವು.

ಈ ರೇಡಿಯೋ ಕೂಡ ಕಾಗದ ಹಂಚುವವನೇ. ಒಂದು ಬೀದಿಯ ಸುದ್ದಿಯನ್ನು ಇನ್ನೊಂದು ಬೀದಿಗೆ ತಲುಪಿಸದೆ ಅವನಿಗೆ ಅನ್ನ ಸೇರುತ್ತಿರಲಿಲ್ಲ, ಅದಕ್ಕೆ ಆ ಹೆಸರು. ಕಾಗದ ಮಾತ್ರ ಒಮ್ಮೊಮ್ಮೆ ತಲುಪುತ್ತಿರಲಿಲ್ಲ. ಈಗ ಮೇಲಿನಿಂದ ಆದೇಶ ಬಂದಿತ್ತು: ಹಂಚುವವರಿಬ್ಬರಲ್ಲಿ ಒಬ್ಬ ಸಾಕು, ಇನ್ನೊಬ್ಬನನ್ನು ಒಳಗೆ ಕುರ್ಚಿಗೆ ಹಾಕಿ. ಯಾರು ಹೊರಗೆ, ಯಾರು ಒಳಗೆ ಎನ್ನುವುದು ಪೋಸ್ಟ್‌ಮಾಸ್ಟರ ಕೈಯಲ್ಲಿತ್ತು. ಪ್ರವಾಸ ಮುಗಿಸಿ ಊರಿಗೆ ಮರಳಿದ ಸೋಮವಾರವೇ ತೀರ್ಮಾನ.

ಬೇರೆಯವರಿಗಾದರೆ ಕುರ್ಚಿ ಸುಖ. ಅಂಚೆಯಣ್ಣನಿಗೆ ಅದು ಸೆರೆಮನೆ. ಇಪ್ಪತ್ತೊಂಬತ್ತು ವರ್ಷ ಹನ್ನೊಂದು ಬೀದಿ ನಡೆದ ಕಾಲು ಅವನದು. ಯಾವ ಮನೆಯ ಗೇಟು ಎತ್ತಿ ತಳ್ಳಬೇಕು, ಯಾವ ಅಜ್ಜಿಗೆ ಕಾಗದ ಓದಿಯೇ ಕೊಡಬೇಕು, ಯಾವ ನಾಯಿ ಬೊಗಳುತ್ತದೆ, ಯಾವುದು ಬೊಗಳದೆ ಬಂದು ಹಿಡಿಯುತ್ತದೆ ಎನ್ನುವುದೆಲ್ಲ ಆ ಕಾಲಿಗೇ ಗೊತ್ತು. ರಜೆಯ ದಿನ ಅರ್ಧ ಗಂಟೆ ಕೂತರೆ ಮೊಣಕಾಲು ತಾನಾಗಿ ಕುಣಿಯಲು ಶುರುಮಾಡುತ್ತಿತ್ತು. "ನೀವು ಎದ್ದು ಹೋಗಿ ಮಾರಾಯ್ರೆ, ಮೇಜಿನ ಮೇಲಿನ ಲೋಟ ಎಲ್ಲ ನಡುಗ್ತಾ ಇದೆ" ಎಂದು ಹೆಂಡತಿ ಅಟ್ಟುತ್ತಿದ್ದಳು. ಪೋಸ್ಟ್‌ಮಾಸ್ಟರ ಕಣ್ಣೆದುರಿಗೇ ಬೆಟ್ಟ ಹತ್ತಿ ತೋರಿಸಿಬಿಟ್ಟರೆ ತನ್ನ ಬೀದಿಗಳು ಉಳಿದ ಹಾಗೆ ಎಂದು ಅವನು ಹೊರಟು ಬಂದಿದ್ದು. ಹೆಂಡತಿ ಬಂದಿರಲಿಲ್ಲ. "ಅಷ್ಟು ದೂರ ಹತ್ತಿ ನೋಡ್ಬೇಕಾ? ಸ್ವಲ್ಪ ತಡೆದ್ರೆ ಸೂರ್ಯ ಇಲ್ಲಿಗೇ ಬರ್ತಾನಲ್ಲ" ಎಂದು ಹೊದಿಕೆ ಎಳೆದುಕೊಂಡಿದ್ದಳು.

ಗೈಡಮ್ಮನಿಗೆ ಅರವತ್ತಾದರೂ ಆಗಿತ್ತು. ಆಳು ಗಿಡ್ಡ, ಮಾತು ಅದಕ್ಕಿಂತ ಗಿಡ್ಡ. "ನಿಧಾನದವರು ಮುಂದೆ. ಎಲ್ಲರೂ ಅವರ ಹೆಜ್ಜೆಗೆ. ಗಟ್ಟಿಗರು ಕೊನೆಗೆ. ಇದು ಇಲ್ಲಿಯ ಕ್ರಮ" ಎಂದವಳೇ ಅಂಚೆಯಣ್ಣನ ತೋಳು ಹಿಡಿದು ಸಾಲಿನ ಮುಂದಕ್ಕೆ ತಂದಳು. ಅಷ್ಟಕ್ಕೇ ಬಿಡಲಿಲ್ಲ. ಸೈಕಲ್ಲಿನ ಹಿಂದಿರುತ್ತದಲ್ಲ, ಅಂಥದೊಂದು ಪುಟ್ಟ ಕೆಂಪು ದೀಪ ತೆಗೆದು ಅವನ ಬೆನ್ನಿಗೆ ಸಿಕ್ಕಿಸಿದಳು. "ಹಿಂದಿನವರಿಗೆ ಕಾಣಲಿ."

"ಅಮ್ಮಾ, ನಾನು ನಿಧಾನದವನಲ್ಲ. ದಿನಾ ಹದಿನೈದು ಕಿಲೋಮೀಟರು..."

"ಎಲ್ಲರೂ ಹಾಗೇ ಹೇಳ್ತಾರೆ" ಎಂದು ಗೈಡಮ್ಮ ನಡೆದೇಬಿಟ್ಟಳು.

ಅಂಚೆಯಣ್ಣನ ಮೈಯೆಲ್ಲ ಉರಿಯಿತು. ಇರಲಿ, ಬಾಯಿ ಕೇಳದಿದ್ದರೆ ಕಾಲು ಹೇಳಲಿ ಎಂದು ಬೀಸಿ ನಡೆದ. ಐದನೇ ಹೆಜ್ಜೆಗೆ ಗೈಡಮ್ಮ ಅವನ ಚೀಲದ ಪಟ್ಟಿ ಹಿಡಿದು ಜಗ್ಗಿದಳು. "ಹಟ ಬೇಡ. ಮೊದಲು ಓಡಿದವರನ್ನೇ ನಾನು ಆಮೇಲೆ ಹೊತ್ತು ಇಳಿಸೋದು."

ಹಿಂದಿನಿಂದ ಪ್ರಸಾರ ಶುರುವಾಯಿತು. ಪೋಸ್ಟ್‌ಮಾಸ್ಟರಿಗೆ ಏದುಸಿರು ಹತ್ತಿದಾಗಲೆಲ್ಲ ರೇಡಿಯೋ ಕೂಗುತ್ತಿದ್ದ, "ನಿಲ್ಲಿ, ನಿಲ್ಲಿ! ಅಂಚೆಯಣ್ಣನಿಗೆ ಸುಸ್ತು!" ಎಲ್ಲರೂ ನಿಲ್ಲುವರು. ಪೋಸ್ಟ್‌ಮಾಸ್ಟರು ಬಂಡೆಯ ಮೇಲೆ ದೊಪ್ಪೆಂದು ಕೂತು, ಮುಖ ಒರೆಸಿಕೊಂಡು, ದೊಡ್ಡ ಮನಸ್ಸು ಮಾಡಿ ಹೇಳುವರು, "ಪರವಾಗಿಲ್ಲಪ್ಪಾ... ನಾಚಿಕೆ... ಪಟ್ಕೋಬೇಡಿ. ನಿಮಗೋಸ್ಕರ... ಎಷ್ಟು ಹೊತ್ತು ಬೇಕಾದ್ರೂ... ಕೂರ್ತೀನಿ."

ನಿಂತೇ ಇದ್ದ ಅಂಚೆಯಣ್ಣ ಹಲ್ಲು ಕಚ್ಚಿದ. ಇದಕ್ಕಿಂತ ಅನ್ಯಾಯ ಉಂಟೆ? ಏದುಸಿರು ಒಬ್ಬರದು, ಹೆಸರು ಇನ್ನೊಬ್ಬರದು!

ಎರಡನೇ ಸಲ ನಿಂತಾಗ ಸ್ಟಾಂಪಿನಕ್ಕ ಬಂದಳು. ಕಚೇರಿಯಲ್ಲಿ ಸ್ಟಾಂಪು ಮಾರುವವಳು. ಮನಸ್ಸು ಬೆಣ್ಣೆ, ಕೈ ಮಾತ್ರ ಸುಮ್ಮನಿರದು. "ಬಾಯಿ ತೆಗೀರಿ ಅಣ್ಣಾ" ಎಂದು ಒಂದು ಹಿಡಿ ಸಕ್ಕರೆ ಸುರಿದಳು. ಅವನು ಬೇಡ ಎನ್ನಲು ಬಾಯಿ ತೆರೆದದ್ದೇ ಅವಳಿಗೆ ಅನುಕೂಲವಾಯಿತು. ನಾಡಿ ಹಿಡಿದಳು. "ಅಯ್ಯೋ, ಎಷ್ಟು ಜೋರಾಗಿ ಓಡ್ತಿದೆ!"

"ಸಿಟ್ಟಿಗೆ ಓಡ್ತಿದೆ ಅಕ್ಕಾ!"

"ನೋಡಿ, ಸಿಟ್ಟೂ ಬರ್ತಿದೆ. ಸುಸ್ತಿನ ಲಕ್ಷಣವೇ ಅದು" ಎಂದು ಹಣೆಗೆ ಮುಲಾಮು ತಿಕ್ಕಿದಳು. ಅದು ಕಣ್ಣಿಗಿಳಿಯಿತು. ಕಣ್ಣಲ್ಲಿ ನೀರು ಬಂತು.

"ಅಳ್ತಿದ್ದಾರೆ! ಅಂಚೆಯಣ್ಣ ಅಳ್ತಿದ್ದಾರೆ!" ಎಂದು ರೇಡಿಯೋ ಕೊನೆಯವರೆಗೆ ಸುದ್ದಿ ಮುಟ್ಟಿಸಿದ. ಈ ಒಂದು ಸುದ್ದಿ ಮಾತ್ರ ಅವನು ಸರಿಯಾದ ವಿಳಾಸಕ್ಕೇ ತಲುಪಿಸಿದ್ದು. ಪೋಸ್ಟ್‌ಮಾಸ್ಟರು ಅಲ್ಲಿಂದಲೇ ನಿಟ್ಟುಸಿರು ಬಿಟ್ಟು, "ಪಾಪ, ಈ ವಯಸ್ಸಲ್ಲಿ ಹನ್ನೊಂದು ಬೀದಿ ಹೇಗೆ ಸುತ್ತುತ್ತಾರೋ" ಎಂದದ್ದು ಅಂಚೆಯಣ್ಣನ ಕಿವಿಗೆ ಕಾದ ಸೀಸದ ಹಾಗೆ ಬಿತ್ತು.

ಮರಗಿಡ ಮುಗಿದು ಕರೀ ಬೂದಿಯ ಇಳಿಜಾರು ಸಿಕ್ಕಿತು. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಕೆಳಗೆ ಜಾರುವಂಥ ಜಾಗ. ಅಲ್ಲಿ ಅಂಚೆಯಣ್ಣ ಗೈಡಮ್ಮನ ಮುಂದೆ ಅಡ್ಡ ನಿಂತ.

"ಅಮ್ಮಾ, ಇನ್ನು ಸಾಕು. ಇಷ್ಟು ಹೊತ್ತು ನಾನು ಒಂದು ಸಲವಾದರೂ ಕೂತೆನಾ? ಒಂದು ಸಲವಾದರೂ ಏದುಸಿರು ಬಿಟ್ಟೆನಾ? ಇಕೋ, ನೋಡಿ." ಚೀಲ ಹೊತ್ತೇ ಬೂದಿಯ ಇಳಿಜಾರನ್ನು ನಲವತ್ತು ಹೆಜ್ಜೆ ಏರಿ, ತಿರುಗಿ ಇಳಿದು ಬಂದು ನಿಂತ. ಗೈಡಮ್ಮ ಟಾರ್ಚಿನ ಬೆಳಕನ್ನು ಅವನ ಮುಖಕ್ಕಲ್ಲ, ಕಾಲಿಗೆ ಬಿಟ್ಟಳು. ಹಿಮ್ಮಡಿ ಸವೆದ ಅವನ ಬೂಟನ್ನು ಸ್ವಲ್ಪ ಹೊತ್ತು ನೋಡಿದಳು.

"ತಪ್ಪಾಯ್ತು" ಎಂದಳು. "ನೀವು ಕೊನೆಗೆ ಹೋಗಿ. ಆದರೆ ಕೊನೆಯವರು ಯಾರನ್ನೂ ದಾಟೋ ಹಾಗಿಲ್ಲ. ಯಾರು ಹಿಂದೆ ಬೀಳ್ತಾರೋ ಅವರನ್ನು ಕರ್ಕೊಂಡೇ ಬರಬೇಕು."

"ಅದೆಷ್ಟರ ಮಾತು!" ಎಂದ ಅಂಚೆಯಣ್ಣನ ಎದೆ ಅರ್ಧ ಅಂಗುಲ ಅಗಲವಾಯಿತು. ಕೆಂಪು ದೀಪ ಬೆನ್ನಿನಿಂದ ಇಳಿಯಿತು. ಅದನ್ನು ಯಾರಿಗೆ ಸಿಕ್ಕಿಸುವುದೆಂದು ಗಂಡಸರೆಲ್ಲ ಮುಖ ತಿರುಗಿಸಿ ನಕ್ಷತ್ರ ಎಣಿಸುತ್ತಿದ್ದಾಗ ಸ್ಟಾಂಪಿನಕ್ಕ, "ಇಲ್ಲಿ ಕೊಡಿ, ನಿಧಾನ ಹೋದ್ರೆ ನನ್ನ ಗಂಟೇನು ಹೋಗುತ್ತೆ?" ಎಂದು ತಾನೇ ಹಾಕಿಕೊಂಡಳು.

ಅಂಚೆಯಣ್ಣ ಸಾಲಿನುದ್ದಕ್ಕೂ ತಲೆಯೆತ್ತಿ ಹಿಂದಕ್ಕೆ ನಡೆದ. ಕೊನೆ ತಲುಪಿದಾಗ ಗೊತ್ತಾಯಿತು, ಅಲ್ಲಿ ಪೋಸ್ಟ್‌ಮಾಸ್ಟರು ನಿಂತಿದ್ದರು. "ನಾನು ಹಿಂದೆಯೇ ಇರ್ತೀನಿ" ಎಂದರು ಅವರು, ಸೊಂಟಕ್ಕೆ ಕೈಕೊಟ್ಟು. "ಅಧಿಕಾರಿ ಅನ್ನೋನು ಎಲ್ಲರ ಮೇಲೂ ಕಣ್ಣಿಟ್ಟಿರಬೇಕು."

ಇನ್ನೇನಿದೆ! ಅಲ್ಲಿಂದ ಮುಂದೆ ಪೋಸ್ಟ್‌ಮಾಸ್ಟರು ಹತ್ತು ಹೆಜ್ಜೆ ಇಟ್ಟರೆ ಹನ್ನೆರಡು ಹೆಜ್ಜೆ ಜಾರುತ್ತಿದ್ದರು. ಸಾಲು ಮೇಲೆ ಮೇಲೆ ಹೋಯಿತು. ಟಾರ್ಚುಗಳು ಸಣ್ಣಗಾದವು. ಮೂಡಣದ ಅಂಚು ನಿಂಬೆಹಣ್ಣಿನ ಸಿಪ್ಪೆಯಷ್ಟು ಹಳದಿಯಾಯಿತು. ಅಂಚೆಯಣ್ಣನ ಕಾಲು ಕುದುರೆಯ ಹಾಗೆ ನೆಲ ಕೆರೆಯುತ್ತಿತ್ತು. ದಾಟುವಂತಿಲ್ಲ.

"ಇಷ್ಟು ಕಡಿದು ಅಂತ ಮೊದಲೇ ಹೇಳಬೇಕಿತ್ತೋ ಬೇಡವೋ?" ಎಂದರು ಪೋಸ್ಟ್‌ಮಾಸ್ಟರು.

ಬೆಟ್ಟ ಕೆಳಗಿನಿಂದಲೇ ಕಾಣುತ್ತಿತ್ತಲ್ಲ ಮಹಾರಾಯ, ಎಂದಿತು ಅಂಚೆಯಣ್ಣನ ಹೊಟ್ಟೆ. "ಹೇಳಬೇಕಿತ್ತು ಸರ್" ಎಂದಿತು ಬಾಯಿ. ತನ್ನ ಹನ್ನೊಂದು ಬೀದಿಯೂ ಈ ಮನುಷ್ಯನ ಕಿಸೆಯಲ್ಲಿದೆ, ಬಾಯಿಗೆ ಬೀಗ ಹಾಕದೆ ವಿಧಿಯಿಲ್ಲ.

"ಈ ಗಂಧಕದ ವಾಸನೆ! ಇದನ್ನು ಯಾರಾದ್ರೂ ವಿಚಾರಿಸಬೇಕೋ ಬೇಡವೋ?"

"ವಿಚಾರಿಸಬೇಕು ಸರ್. ಕರವಸ್ತ್ರ ತಗೊಳ್ಳಿ. ಕಾಲು ಅಡ್ಡಡ್ಡ ಇಡಿ, ಜಾರೋದಿಲ್ಲ."

"ನನಗೆ ಹೇಳಿಕೊಡ್ತೀಯೇನಯ್ಯ? ನಿನ್ನಿಂದಲೇ ಇಷ್ಟು ತಡ ಆಗಿದ್ದು! ಎರಡು ಹೆಜ್ಜೆಗೊಂದು ಸಲ ನಿಂತೆ ನೀನು!"

ಅಂಚೆಯಣ್ಣನಿಗೆ ಕಿವಿಯಿಂದ ಹೊಗೆ ಬಂದಂತಾಯಿತು. ಬೆಟ್ಟದ ಒಳಗೆ ಕುದಿಯುವುದು ಬೆಟ್ಟದ ಭಾಗ್ಯ, ಅದಕ್ಕೆ ಮೇಲೆ ಒಂದು ಬಾಯಿಯಾದರೂ ಇದೆ. "ನಿಮಗೆ ಕಷ್ಟ ಆಯ್ತು ಸರ್" ಎಂದ. ಅವರ ಬೂಟಿನ ಅಟ್ಟೆ ಕಿತ್ತು ಬಾಯಿ ಬಿಟ್ಟಾಗ ಮಂಡಿಯೂರಿ, ಕಾಗದದ ಕಟ್ಟು ಕಟ್ಟುವ ದಾರವನ್ನು ಜೇಬಿನಿಂದ ತೆಗೆದು ಬಿಗಿದ. ದಾರ ಒರಟು ಎಂದು ಬೈಸಿಕೊಂಡ. ನೀರು ಕೊಟ್ಟ. ತಣ್ಣಗಿದೆ ಎಂದು ಬೈಸಿಕೊಂಡ. ಕೊನೆಯ ಏರಿನಲ್ಲಿ ಕೆಟ್ಟು ನಿಂತ ಟಪಾಲು ವ್ಯಾನನ್ನು ತಳ್ಳುವ ಹಾಗೆ ಎರಡೂ ಕೈಯಿಂದ ಅವರನ್ನು ಹಿಂದಿನಿಂದ ತಳ್ಳಿದ. "ಮೆಲ್ಲಗೆ! ನಾನೇನು ಪಾರ್ಸೆಲ್ಲಾ?" ಎಂದು ಅದಕ್ಕೂ ಬೈದರು. ಪಾರ್ಸೆಲ್ಲಾಗಿದ್ದರೆ ಹಿಂತಿರುಗಿಸುವ ವಿಳಾಸವಾದರೂ ಇರುತ್ತಿತ್ತು ಎಂದುಕೊಂಡ ಅಂಚೆಯಣ್ಣ, "ಇನ್ನು ಇಪ್ಪತ್ತೇ ಹೆಜ್ಜೆ ಸರ್" ಎಂದ.

ಮೇಲಿನಿಂದ "ಓಹೋ! ಆಹಾ!" ಎಂಬ ಕೂಗು ಕೇಳಿಸಿತು. ಸೂರ್ಯ ಹುಟ್ಟಿಬಿಟ್ಟಿದ್ದ.

ಇವರಿಬ್ಬರೂ ತುದಿ ಮುಟ್ಟಿದಾಗ ಸೂರ್ಯ ಕಚೇರಿಗೆ ಹೊರಟವನ ಹಾಗೆ ಮಾಮೂಲಾಗಿ ಮೇಲೆ ನಿಂತಿದ್ದ. ಉಳಿದವರು ಫೋಟೋ ತೆಗೆದು ಮುಗಿಸಿ ಬಿಸ್ಕತ್ತು ತಿನ್ನುತ್ತಿದ್ದರು. ಕುಳಿಯಿಂದ ಬೆಳ್ಳಗೆ ಹಬೆ ಏಳುತ್ತಿತ್ತು. ಅಂಚೆಯಣ್ಣ ಅದನ್ನೂ ನೋಡಲಿಲ್ಲ. ಅವನು ನೋಡಿದ್ದು ಗೈಡಮ್ಮನ ಮುಖ. ಅವಳು ಮೊದಲ ಲೋಟ ಚಹಾ ತಂದು ಅವನ ಕೈಗೇ ಕೊಟ್ಟು, ಎಲ್ಲರಿಗೂ ಕೇಳುವ ಹಾಗೆ, "ಈ ಗುಂಪಿನಲ್ಲಿ ಕಾಲು ಅಂತ ಇರೋದು ಇವರಿಗೆ" ಎಂದಳು.

ರೇಡಿಯೋನ ಬಾಯಲ್ಲಿದ್ದ ಬಿಸ್ಕತ್ತು ಅಲ್ಲೇ ನಿಂತಿತು.

ಪೋಸ್ಟ್‌ಮಾಸ್ಟರು ಉಸಿರು ಕೂಡಿಸಿಕೊಂಡು ಎದ್ದು ಬಂದು ಅಂಚೆಯಣ್ಣನ ಹೆಗಲ ಮೇಲೆ ಕೈಯಿಟ್ಟರು. ಕಣ್ಣು ಒದ್ದೆಯಾಗಿತ್ತು. "ಕ್ಷಮಿಸಿಬಿಡಿ. ನಿಧಾನ ಯಾರು ಅನ್ನೋದು ನನಗೂ ಗೊತ್ತಿತ್ತು. ಒಂದು ನಿಜ ಹೇಳ್ತೀನಿ. ಪ್ರವಾಸಕ್ಕೆ ಹೊರಡೋ ಮುಂಚೆಯೇ ನಾನು ಪಟ್ಟಿ ಬರೆದು ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೆ. ಬೀದಿ ನಿಮಗೆ, ಕುರ್ಚಿ ರೇಡಿಯೋಗೆ."

ಅಂಚೆಯಣ್ಣನಿಗೆ ಆಗ ಸೂರ್ಯೋದಯವಾಯಿತು.

"ಆದರೆ ಇವತ್ತು ನನ್ನ ಕಣ್ಣು ತೆರೀತು" ಎಂದರು ಪೋಸ್ಟ್‌ಮಾಸ್ಟರು. "ದೂರಿನ ಕಿಟಕಿಯ ಕುರ್ಚಿಗೆ ಆರು ತಿಂಗಳಿಂದ ಜನ ಹುಡುಕ್ತಿದ್ದೀನಿ. ಕೂತವರು ಹದಿನೈದು ದಿನಕ್ಕೆ ರಜೆ ಹಾಕಿ ಓಡಿಹೋಗ್ತಾರೆ, ಇಲ್ಲಾ ಬಂದವರ ಜೊತೆ ಜಗಳಕ್ಕೆ ಬೀಳ್ತಾರೆ. ನಾನು ಒಂದೂವರೆ ಗಂಟೆ ಬಾಯಿಗೆ ಬಂದದ್ದೆಲ್ಲ ಬೈದೆ. ನೀವು ಒಂದು ಮಾತು ಎದುರಾಡಿದ್ರಾ? ಹುಬ್ಬಾದ್ರೂ ಗಂಟಿಕ್ಕಿದ್ರಾ? ಇಂಥ ಮನುಷ್ಯನನ್ನು ಬಿಸಿಲಲ್ಲಿ ಬೀದಿ ಸುತ್ತಿಸೋದು ಪಾಪ. ಪಟ್ಟಿ ಬದಲಾಯಿಸ್ತೀನಿ. ಸೋಮವಾರದಿಂದ ಆ ಕುರ್ಚಿ ನಿಮ್ಮದು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ರೇಡಿಯೋ.

ಅಂಚೆಯಣ್ಣನ ಬಾಯಿಯ ಬೀಗ ಒಡೆಯಿತು. ಬೆಳಗಿನ ಜಾವದಿಂದ ಒಳಗೆ ತುಂಬಿದ್ದೆಲ್ಲ ಒಟ್ಟಿಗೆ ಹೊರಗೆ ನುಗ್ಗಿತು. "ನಾನು ಕೂರೋದಿಲ್ಲ!" ಎಂದು ಅವನು ಕೂಗಿದ್ದು ಕುಳಿಯೊಳಗೆ ಮೂರು ಸಲ ಮೊಳಗಿತು. "ಇದು ಅನ್ಯಾಯ! ಸುಸ್ತು ನಿಮ್ಮದು, ದೀಪ ನನಗೆ! ತಡ ನಿಮ್ಮದು, ಬೈಗುಳ ನನಗೆ! ಹೊತ್ತು ತಂದವನು ನಾನು, ಬೀದಿ ಇವನಿಗೆ! ಇಪ್ಪತ್ತೊಂಬತ್ತು ವರ್ಷಕ್ಕೆ ಇದೇನಾ ನ್ಯಾಯ? ನಾನು ಒಪ್ಪೋದಿಲ್ಲ ಅಂದ್ರೆ ಒಪ್ಪೋದಿಲ್ಲ!"

ಸ್ಟಾಂಪಿನಕ್ಕ ಸಕ್ಕರೆಯ ಪೊಟ್ಟಣಕ್ಕೆ ಕೈಹಾಕಿದಳು. ಪೋಸ್ಟ್‌ಮಾಸ್ಟರು ಮಾತ್ರ ಒಂದಿಷ್ಟೂ ಸಿಟ್ಟಾಗದೆ, ತಲೆದೂಗುತ್ತ ಪೂರ್ತಿ ಕೇಳಿಸಿಕೊಂಡರು.

"ನೀವು ಹೇಳೋದರಲ್ಲಿ ನ್ಯಾಯ ಇದೆ" ಎಂದರು ಕೊನೆಗೆ. "ಹೀಗೆ ಬಾಯಲ್ಲಿ ಹೇಳಿದ್ರೆ ಆಗೋದಿಲ್ಲ. ಬರೆದು ಕೊಡಿ."

"ಕೊಡ್ತೀನಿ! ಈಗಲೇ ಕೊಡ್ತೀನಿ! ಯಾರಿಗೆ ಕೊಡಬೇಕು ಹೇಳಿ!"

"ದೂರಿನ ಕಿಟಕಿಗೆ" ಎಂದರು ಪೋಸ್ಟ್‌ಮಾಸ್ಟರು. "ಸೋಮವಾರ ಹತ್ತು ಗಂಟೆಗೆ ಅಲ್ಲಿ ನೀವೇ ಇರ್ತೀರಲ್ಲ."