ನೀರೊಳಗಿನ ಫೋನಿಗೆ ಹೋದ ಓಟಿಪಿ

ವಾಹನ ಎಳೆತ ಪರವಾನಗಿ ವಿಭಾಗದ ಅಧಿಕಾರಿಗಳ ಘನ ಸನ್ನಿಧಾನಕ್ಕೆ,
ಲಿಂಗಸುಗೂರು.

ಮಾನ್ಯರೇ,

ಮಸ್ಕಿಯಲ್ಲಿ ಪರವಾನಗಿ ಪಡೆದ ಒಂದು ಕ್ರೇನ್ ಗಾಡಿ ಇಟ್ಟುಕೊಂಡು, ಕೆಟ್ಟು ನಿಂತ ಲಾರಿ, ಮಗುಚಿದ ಟೆಂಪೊ, ಹಳ್ಳಕ್ಕೆ ಇಳಿದ ಕಾರುಗಳನ್ನು ಎಳೆಯುತ್ತ ಹದಿನಾಲ್ಕು ವರ್ಷಗಳಿಂದ ಬದುಕುತ್ತಿರುವ ಜಂಬಣ್ಣನೆಂಬ ನಾನು, ತಾವು, ತಮ್ಮ ಮನೆಮಂದಿ ಹಾಗೂ ತಮ್ಮ ಕಚೇರಿಯ ಸರ್ವರ್ ಎಲ್ಲರೂ ಆರೋಗ್ಯದಿಂದಿರುವಿರೆಂದು ನಂಬಿ, ಊರವರೆಲ್ಲ ಓದಲೆಂದು ಬಹಿರಂಗವಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ರಸ್ತೆಯಲ್ಲಿ ಬಿದ್ದ ವಾಹನವನ್ನು ಪರವಾನಗಿ ಪಡೆದ ಗಾಡಿಯೇ ಎಳೆಯಬೇಕು, ಟ್ರ್ಯಾಕ್ಟರ್ ಮುಟ್ಟಕೂಡದು ಎಂಬ ಹೊಸ ನಿಯಮ ಬಂದ ದಿನ ನಾನು ಆಟೊ ಸ್ಟ್ಯಾಂಡಿನವರಿಗೆಲ್ಲ ಮಿರ್ಚಿ ಭಜಿ ತಿನ್ನಿಸಿದೆ. ಮುಚ್ಚಿಡುವುದೇಕೆ, ಅಂಥ ನಿಯಮ ಬೇಕೆಂದು ತಮಗೆ ಬಂದ ಅರ್ಜಿಗಳಲ್ಲಿ ಒಂದು ನನ್ನದೇ. ಅದರಲ್ಲಿ ನಾನು ವಳಕಮದಿನ್ನಿಯ ಶಿವಕುಮಾರಿಯವರ ಹೆಸರನ್ನೂ ಬರೆದಿದ್ದೆ. ಆಕೆ ಸ್ವಂತ ಟ್ರ್ಯಾಕ್ಟರಿನಲ್ಲಿ ಭತ್ತದ ಗದ್ದೆ ಹೂಡುವ ಹೆಣ್ಣುಮಗಳು. ಕಾಲುವೆ ರಸ್ತೆಯಲ್ಲಿ ಯಾರ ಗಾಡಿ ಸಿಕ್ಕಿಕೊಂಡರೂ ಎಳೆದು ಹಾಕಿ, ಒಂದು ಕಪ್ ಚಹಾ ಕುಡಿದು ಹೋಗುತ್ತಾರೆ. ಚಹಾಕ್ಕೆ ಎಳೆಯುವವರ ಎದುರು ನನ್ನಂಥವನು ಬಾಳುವುದು ಹೇಗೆಂದು ಕೇಳಿದ್ದೆ. ತಾವು ಆಕೆಗೆ ಎಚ್ಚರಿಕೆಯ ಚೀಟಿ ಕಳಿಸಿದಿರಿ. ತಮ್ಮ ಚುರುಕುತನ ದೊಡ್ಡದು.

ನಿಯಮದ ಎರಡನೆಯ ಪುಟವನ್ನು ನಾನು ಓದಿರಲಿಲ್ಲ. ಬಿದ್ದ ಗಾಡಿಯ ಮಾಲೀಕರ ಫೋನಿಗೆ ಆರಂಕಿಯ ಓಟಿಪಿ ಬರಬೇಕು, ಅದನ್ನು ಆ್ಯಪಿನಲ್ಲಿ ಒತ್ತಿದ ಮೇಲೆಯೇ ಕೊಕ್ಕೆ ಹಾಕಬೇಕು ಎಂದು ಅಲ್ಲಿತ್ತು. ಕಳ್ಳರು ಗಾಡಿ ಎಳೆದುಕೊಂಡು ಹೋಗದಂತೆ ತಾವು ಮಾಡಿದ ಈ ಏರ್ಪಾಡನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ಗಾಡಿ ನೀರಿಗೆ ಬಿದ್ದರೆ ಫೋನೂ ಅದರೊಡನೆ ಬೀಳುತ್ತದೆ ಎಂಬ ಕ್ಷುಲ್ಲಕ ಸಂಗತಿಯೊಂದೇ ತಮ್ಮ ಗಮನದಿಂದ ಜಾರಿದೆ.

ಕಳೆದ ಗುರುವಾರ ಸಿಂಧನೂರಿನ ಖಾತೂನ್‌ಬೀ, ಮದುವೆಗಳಿಗೆ ಶಾಮಿಯಾನ ಮತ್ತು ಅಡುಗೆ ಹಂಡೆಗಳನ್ನು ಬಾಡಿಗೆಗೆ ಕೊಡುವವರು, ಮುಕ್ಕುಂದದ ಮದುವೆಯೊಂದಕ್ಕೆ ಹಂಡೆ ಹೇರಿಕೊಂಡು ಹೊರಟಿದ್ದರು. ಗಾಡಿ ಓಡಿಸುತ್ತಿದ್ದವನು ಅವರ ತಮ್ಮ ದಾನಿಷ್. ವಳಕಮದಿನ್ನಿಯ ಬಳಿ ಕಾಲುವೆಯ ದಂಡೆ ಕುಸಿದು ಗಾಡಿ ನೀರಿಗೆ ಜಾರಿತು. ದಾನಿಷ್ ಈಜಿ ದಂಡೆ ಹತ್ತಿ, ಯಾರದೋ ಫೋನಿನಿಂದ ನನ್ನನ್ನು ಕರೆದ. ನಾನು ಹೋದಾಗ ಎರಡು ಹಂಡೆಗಳು ತಮ್ಮ ಪಾಡಿಗೆ ತಾವು ತೇಲಿ ಹೊರಟಿದ್ದವು. ಖಾತೂನ್‌ಬೀ ಮಾತ್ರ ಗಾಡಿಯ ತಲೆಯ ಮೇಲೆ ಕೂತಿದ್ದರು. ನಾನು ಹಗ್ಗ ಎಸೆದೆ. ಅವರು ಮುಟ್ಟಲಿಲ್ಲ.

"ಬಂದ್ರ ಗಾಡಿ ಸಂಗಾಟಾನ ಬರ್ತೀನಿ ಜಂಬಣ್ಣ. ನಾ ಇಳದ ಮ್ಯಾಲ ಇದನ್ನ ಎತ್ತಾಕ ಯಾರಿಗೆ ಅವಸರ ಇರತೈತಿ?" ಎಂದರು.

ಆಗ ಮೂರು ಗಂಟೆ. ನಾಲ್ಕಕ್ಕೆ ಮೇಲಿನಿಂದ ಹೆಚ್ಚು ನೀರು ಬಿಡುತ್ತಾರೆಂದು ಕಾಲುವೆ ಗೇಟಿನವನು ಆಗಲೇ ಕೂಗಿ ಹೇಳಿ ಹೋಗಿದ್ದ. ನಾನು ಕಾನೂನಿಗೆ ತಲೆಬಾಗುವವನಾದ್ದರಿಂದ ಮೊದಲು ಆ್ಯಪ್ ತೆರೆದೆ. ಓಟಿಪಿ ಕಳಿಸಲಾಗಿದೆ ಎಂದು ಅದು ಸಂತೋಷದಿಂದ ತಿಳಿಸಿತು.

"ಫೋನ್ ಡ್ಯಾಶ್‌ಬೋರ್ಡಿನಾಗ ಐತಿ ಅಣ್ಣ. ಡ್ಯಾಶ್‌ಬೋರ್ಡ್ ನೀರಾಗ ಐತಿ," ಎಂದ ದಾನಿಷ್.

ತಮ್ಮ ಸಹಾಯವಾಣಿಗೆ ಫೋನು ಮಾಡಿದೆ. ಮಾಲೀಕರನ್ನು ಆಧಾರ್ ಕಾರ್ಡಿನೊಂದಿಗೆ ಲಿಂಗಸುಗೂರಿನ ಕಚೇರಿಗೆ ಖುದ್ದು ಕರೆತರಬೇಕೆಂದು ಒಬ್ಬ ತಾಯಿ ಬಹಳ ಮೆತ್ತಗೆ ಹೇಳಿದರು. ಮಾಲೀಕರು ಕಾಲುವೆಯ ನಡುವೆ ಕೂತಿದ್ದಾರೆ ಎಂದೆ. ಹಾಗಾದರೆ ನಾಳೆ ಬಂದರೂ ನಡೆಯುತ್ತದೆ ಎಂದರು. ಅಂಥ ತಾಳ್ಮೆಯ ದನಿಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಅಷ್ಟರಲ್ಲಿ, ಅನುಮತಿ ಬಂದ ಕೂಡಲೇ ಎಳೆಯೋಣವೆಂದು ಕ್ರೇನನ್ನು ಹಿಂದಕ್ಕೆ ತೆಗೆದೆ. ಪಕ್ಕದ ಗದ್ದೆಯ ಕೆಸರಿನಲ್ಲಿ ಅದರ ಹಿಂದಿನ ಗಾಲಿಗಳು ಅಚ್ಚಿನ ತನಕ ಹೂತವು. ಈಗ ಎಳೆಯಬೇಕಾದ ಗಾಡಿಗಳು ಎರಡಾದವು. ಖಾತೂನ್‌ಬೀ ಮೇಲಿನಿಂದ ನನ್ನನ್ನು ನೋಡಿದರು, ಆಮೇಲೆ ನನ್ನ ಕ್ರೇನನ್ನು ನೋಡಿದರು.

ಗದ್ದೆ ಹೂಡುತ್ತಿದ್ದ ಶಿವಕುಮಾರಿಯವರು ಕಬ್ಬಿಣದ ಗಾಲಿ ಹಾಕಿದ ಟ್ರ್ಯಾಕ್ಟರಿನ ಸಮೇತ ಬದುವಿನ ಮೇಲೆ ಬಂದು ನಿಂತರು.

"ಅಕ್ಕಾ, ಆ ಅರ್ಜಿ…" ಎಂದೆ.

"ಬರದಾವ ನೀನ ಅಂತ ಗೊತ್ತೈತಿ. ಚೀಟಿನೂ ಬಂದೈತಿ, ಮನ್ಯಾಗ ಇಟ್ಟೀನಿ. ಮೊದಲ ಹಗ್ಗ ಹಿಡಿ ತಮ್ಮಾ," ಎಂದರು.

ಹಿಡಿದೆ, ಮಾನ್ಯರೇ. ಹದಿನಾಲ್ಕು ವರ್ಷಗಳಲ್ಲಿ ಅಷ್ಟು ನಾಚಿಕೆಯಿಂದ ನಾನು ಹಗ್ಗ ಹಿಡಿದಿರಲಿಲ್ಲ. ಆಕೆ ಮೊದಲು ನನ್ನ ಕ್ರೇನನ್ನು ಕೆಸರಿನಿಂದ ಎಳೆದರು. ಆಮೇಲೆ ಅದು ಮತ್ತೆ ಜಾರದಂತೆ ಟ್ರ್ಯಾಕ್ಟರನ್ನು ಮುಂದೆ ಬಿಗಿದು ನಿಂತರು. ದಾನಿಷ್ ನೀರಿಗಿಳಿದು ಕೊಕ್ಕೆ ಹಾಕಿದ. ಆರಂಕಿಗಳಲ್ಲಿ ಒಂದಂಕಿಯೂ ಇಲ್ಲದೆ ನಾನು ಎಳೆದೆ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಗಾಡಿ ದಂಡೆ ಹತ್ತಿತು, ತಲೆಯ ಮೇಲೆ ಖಾತೂನ್‌ಬೀ ಸಮೇತ. ನೆಲಕ್ಕೆ ಇಳಿದವರೇ ಅವರು ಶಿವಕುಮಾರಿಯವರ ಕೆಸರುಗೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ತಪ್ಪು ನಡೆದದ್ದು ಇದಾದ ಮೇಲೆ. ಸ್ಥಳದ ಫೋಟೊ ಹಾಕಿ ಎಂದು ಆ್ಯಪ್ ಕೇಳುತ್ತಲೇ ಇತ್ತು. ಕ್ರೇನಿಗೆ ಟ್ರ್ಯಾಕ್ಟರ್ ಬಿಗಿದಿದ್ದ ಹಗ್ಗ ಬಿಚ್ಚುವ ಮೊದಲೇ ನಾನು ರೂಢಿಯಂತೆ ಒಂದು ಫೋಟೊ ಹಾಕಿಬಿಟ್ಟೆ. ಅನುಮತಿಗೆ ನಾಳೆ ಎಂದ ತಮ್ಮ ಕಚೇರಿ ನೋಟಿಸನ್ನು ಅಂದೇ ಕಳಿಸಿತು. ಓಟಿಪಿ ಇಲ್ಲದೆ ಎಳೆದದ್ದಕ್ಕೆ ನನ್ನ ಕ್ರೇನ್ ಶನಿವಾರ ಜಪ್ತಿಯಾಯಿತು. ಮುಂದಿನ ವಾರ ಶಿವಕುಮಾರಿಯವರ ಟ್ರ್ಯಾಕ್ಟರಿನ ಸರದಿಯಂತೆ, ನಾಟಿಯ ಹಂಗಾಮಿನ ನಟ್ಟನಡುವೆ.

ಆದ್ದರಿಂದ ನನ್ನ ವಿನಂತಿಗಳನ್ನು ಲಾಲಿಸಬೇಕು. ಲಿಂಗಸುಗೂರು, ಮಸ್ಕಿ, ಸಿಂಧನೂರು ಈ ಮೂರೂ ತಾಲ್ಲೂಕಿನ ವಾಹನಗಳು ಕಚೇರಿಯ ವೇಳೆಯಲ್ಲಿ, ನೆಟ್‌ವರ್ಕ್ ಇರುವ ಕಡೆಯಲ್ಲೇ ಬೀಳತಕ್ಕದ್ದೆಂದು ಆದೇಶಿಸಬೇಕು. ಬೀಳುವ ಹಿಂದಿನ ದಿನ ಚಾಲಕರು ತಮಗೆ ಲಿಖಿತ ಸೂಚನೆ ಕೊಡಬೇಕು. ಕಾಲುವೆಯ ಮೀನುಗಳಿಗೆ ಅಂಕಿ ಓದಲು ಕಲಿಸಬೇಕು.

ಇವು ಕಷ್ಟವೆನಿಸಿದರೆ ಒಂದೇ ಒಂದು ಸಾಲು ಸೇರಿಸಿ: ಜೀವಕ್ಕೆ ಕುತ್ತು ಬಂದಾಗ ಹತ್ತಿರ ಇದ್ದವರು ಎಳೆಯಬಹುದು. ಶಿವಕುಮಾರಿಯವರ ವಿರುದ್ಧದ ನನ್ನ ಅರ್ಜಿಯನ್ನು ಈ ಮೂಲಕ ಹಿಂದಕ್ಕೆ ಪಡೆದಿದ್ದೇನೆ. ಟ್ರ್ಯಾಕ್ಟರನ್ನು ಮುಟ್ಟಬೇಡಿ. ದಂಡನೆ ಎಷ್ಟಿದ್ದರೂ ನನ್ನ ಹೆಸರಿಗೇ ಬರೆಯಿರಿ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ.

ಇಷ್ಟಾದರೂ ತಮ್ಮ ವಿಶ್ವಾಸಿ,
ಜಂಬಣ್ಣ, ಮಸ್ಕಿ

ತಾ.ಕ.: ಜಪ್ತಿಯಾದ ನನ್ನ ಕ್ರೇನ್ ತಮ್ಮ ಕಚೇರಿಯ ಗೇಟಿನ ಬಾಯಲ್ಲೇ ಬ್ಯಾಟರಿ ಸತ್ತು ನಿಂತಿದೆ, ಸಾಹೇಬರ ಜೀಪು ಮೂರು ದಿನದಿಂದ ಒಳಗೇ ಇದೆ ಎಂದು ಕೇಳಿ ಬಹಳ ನೊಂದೆ. ಅದನ್ನು ಎಳೆಯಲು ಪರವಾನಗಿ ಇರುವ ಗಾಡಿ ಈ ಸೀಮೆಯಲ್ಲಿ ಒಂದೇ ಒಂದು ಉಂಟು. ಅದು ಅದೇ.